1680ರ ಇಗರ್ಜಿಗೆ ನಿಜಕ್ಕೂ ಎಷ್ಟು ವಯಸ್ಸು?

ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿ (ಚರ್ಚು) ಎಷ್ಟು ಹಳೆಯದು ಅಂತ ಮಂಗಳೂರಿನವರನ್ನು ಕೇಳಿ ನೋಡಿ. 1680 ಅಂತ ಥಟ್ಟನೆ ಉತ್ತರ ಬರುತ್ತದೆ. ಸುಳ್ಳೇನಲ್ಲ. ಬಿಷಪ್ ತೋಮಸ್ ದೆ ಕಾಸ್ತ್ರೊ ಅಲ್ಲಿ ಇಗರ್ಜಿ ಕಟ್ಟಿಸಿದ್ದು ಆಗಲೇ, ಕೆಳದಿಯ ಚೆನ್ನಮ್ಮ ಆಳುತ್ತಿದ್ದ ಕಾಲದಲ್ಲಿ. ಆದರೆ ಆ ಗೋಡೆ ಈಗ ಎಲ್ಲಿದೆ? 1784ರಲ್ಲಿ ಟಿಪ್ಪುವಿನ ಆಳ್ವಿಕೆಯಲ್ಲಿ ಅದನ್ನು ಕೆಡವಿದರು. ಆಮೇಲೆ ಎಬ್ಬಿಸಿದ್ದೂ ಉಳಿಯಲಿಲ್ಲ. ಇವತ್ತು ಬಸ್ಸಿನಿಂದ ಇಣುಕಿ ನೋಡುವ ಆ ಎತ್ತರದ ಮುಖ 20ನೇ ಶತಮಾನದ್ದು. ಮಂಗಳೂರಿನ ಇನ್ನೊಂದು ಹಳೆ ಇಗರ್ಜಿ ರೊಸಾರಿಯೊದ್ದೂ ಇದೇ ಕಥೆ. ಪೋರ್ಚುಗೀಸರು ಶುರು ಮಾಡಿದ್ದು 1568ರಲ್ಲಿ, ಈಗಿನ ಗುಮ್ಮಟದ ಕಟ್ಟಡ 20ನೇ ಶತಮಾನದ್ದು.

ಊರಲ್ಲಿರುವಾಗ ಈ ಲೆಕ್ಕ ಹಾಕಿದವನೇ ಅಲ್ಲ ನಾನು. ಕಾಸರಗೋಡಿಗೆ ಬಂದು ನೆಲೆಸಿದ ಮೇಲೆ ತಲೆಗೆ ಹೋಯಿತು. ಇಲ್ಲಿ ಬದಿಯಡ್ಕದ ಹತ್ತಿರ ಬೇಳದಲ್ಲಿ ಶೋಕಮಾತೆಯ ಇಗರ್ಜಿ ಇದೆ. 1890ರಲ್ಲಿ ಕಟ್ಟಿದ್ದು, ಗೋಥಿಕ್ ಶೈಲಿ. ಕಟ್ಟಿದ ವರ್ಷ ಹಿಡಿದು ನೋಡಿದರೆ ಪೇಟೆಯ ಆ ಎರಡು ಹೆಸರುವಾಸಿ ಕಟ್ಟಡಗಳಿಗಿಂತ ಈ ಹಳ್ಳಿಯದೇ ಹಿರಿಯದು. ಆದರೂ ಮಂಗಳೂರಿನ ನೆಂಟರಿಗೆ ಇದನ್ನು ತೋರಿಸಲು ಹೊರಟರೆ, "ಅಲ್ಲಿ ಏನುಂಟು ನೋಡಲಿಕ್ಕೆ?" ಅನ್ನುತ್ತಾರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ಬೇಳ, ಕಯ್ಯಾರು, ಮಂಜೇಶ್ವರದ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು. ನೆಂಟರಿಗೆ ಅದೂ ಗೊತ್ತಿಲ್ಲ!

ಇನ್ನು ಜಿಲ್ಲೆಯ ಮೂಡಣ ಗುಡ್ಡಗಳ ಕಡೆ ಹೋದರೆ ಕ್ರಮವೇ ಬೇರೆ. ತಿರುವಾಂಕೂರಿನ ಕಡೆಯಿಂದ ವಲಸೆ ಬಂದ ಸಿರಿಯನ್ ಕ್ರೈಸ್ತರ ಊರುಗಳವು. ರಾಜಪುರಂನಲ್ಲಿ ಅವರು ಕಾಡು ಕಡಿದು ಕೃಷಿಗೆ ಇಳಿದದ್ದು 1943ರಲ್ಲಿ. ಅವರ ಇಗರ್ಜಿಗಳಿಗೆ ಹೇಳಿಕೊಳ್ಳುವಂಥ ವಯಸ್ಸಿಲ್ಲ. ಆದರೆ ಹೆಚ್ಚಿನ ಕಡೆ ಅಂಗಳದಲ್ಲಿ ಬಯಲಿಗೇ ನಿಲ್ಲಿಸಿದ ಶಿಲುಬೆ, ಪಕ್ಕದಲ್ಲಿ ಕೊಡಿಮರ (ಬಾವುಟದ ಕಂಬ), ಒಳಗೆ ತುದಿಯಲ್ಲಿ ಶಿಲುಬೆ ಇರುವ ಕಾಲುದೀಪ. ಹಬ್ಬಕ್ಕೆ ಮೊದಲು ಕೊಡಿ ಏರಲೇಬೇಕು. ನಮ್ಮ ಕಡೆಯ ದೇವಸ್ಥಾನದ ಜಾತ್ರೆಯಲ್ಲೂ ಹಾಗೇ ಅಲ್ವಾ? ಕಟ್ಟಡ ಹೊಸದು, ಕ್ರಮ ಹಳೆಯದು. ಅವರು ಊರು ಬಿಟ್ಟು ಬರುವಾಗ ಗೋಡೆ ಹೊತ್ತು ತರಲಿಲ್ಲ, ಅಂಗಳವನ್ನು ತಂದರು.

ಸೆಪ್ಟೆಂಬರ್ 8ನ್ನೇ ತಗೊಳ್ಳಿ. ಮಂಗಳೂರು ಕಡೆಯ ಕ್ರೈಸ್ತರಾದ ನಮಗೆ ಅದು ಮೋಂತಿ ಫೆಸ್ತ್, ಮಾತೆ ಮರಿಯಳ ಹುಟ್ಟುಹಬ್ಬ. ಮಕ್ಕಳು ಮಾತೆಗೆ ಹೂ ಹಾಕುವುದು, ತೆನೆ ಮನೆಗೆ ತರುವುದು, ಹೊಸ ಅಕ್ಕಿಯ ಊಟ. ಅವರಿಗೆ 1ನೇ ತಾರೀಕಿಗೆ ಶುರುವಾದ ಎಂಟು ದಿನದ ನೋಂಬು (ಉಪವಾಸ ವ್ರತ) ಅವತ್ತು ಮುಗಿಯುತ್ತದೆ. ಮಾತೆ ಒಬ್ಬಳೇ, ದಿನವೂ ಒಂದೇ. ಒಂದು ಮನೆಯಲ್ಲಿ ವಾರವಿಡೀ ಮೀನಿಲ್ಲ, ಇನ್ನೊಂದು ಮನೆಯಲ್ಲಿ ಹೂ ಕೊಯ್ಯುವ ಗಡಿಬಿಡಿ.

ಹಾಗಂತ ಅವರ ಎಲ್ಲ ಕ್ರಮವನ್ನೂ ನಾನು ಒಪ್ಪುವುದಿಲ್ಲ. ಕೇರಳದಲ್ಲಿ ಹಳೆ ಇಗರ್ಜಿ ಸಣ್ಣದಾಯಿತು ಅಂತ ಕಂಡರೆ ಒಡೆದು ಕಾಂಕ್ರೀಟಿನದು ಎಬ್ಬಿಸುವುದು ಜಾಸ್ತಿ. ಶಿಲುಬೆ ಇದೆಯಲ್ಲ, ಕೊಡಿಮರ ಇದೆಯಲ್ಲ ಅನ್ನುತ್ತಾರೆ. ನಿಜ. ಆದರೆ ಮರದ ಕೆತ್ತನೆ, ಸುಣ್ಣದ ಗಾರೆ ಹೋದರೆ ಹೋಯಿತು. ಯಾರೂ ಮತ್ತೆ ಮಾಡಿಕೊಡುವುದಿಲ್ಲ.

ನಮ್ಮವರು ಒಡೆಯುವುದು ಕಡಿಮೆ, ಬಣ್ಣ ಬಳಿಯುವುದು ಜಾಸ್ತಿ. ಒಂದು ಹಳೆ ಇಗರ್ಜಿ, ಹೆಸರು ಬೇಡ. ಕೆಂಪುಕಲ್ಲಿನ ಗೋಡೆ, ಮೇಲೆ ಸುಣ್ಣದ ಗಾರೆ. ಜುಬಿಲಿಗೆ ಅಂತ ಅದರ ಮೇಲೆ ಹೊಳೆಯುವ ಪೈಂಟ್ ಹೊಡೆಸಿದರು. ಕೆಂಪುಕಲ್ಲು ಮಳೆಗಾಲದಲ್ಲಿ ನೀರು ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಸುಣ್ಣ ಅದಕ್ಕೆ ದಾರಿ ಕೊಡುತ್ತದೆ, ಈ ಪೈಂಟ್ ಕೊಡುವುದಿಲ್ಲ. ರೈನ್‌ಕೋಟಿನೊಳಗೆ ಬೆವರಿದ ಹಾಗೆ. ಮುಂದಿನ ಮಳೆಗಾಲ ಮುಗಿಯುವಾಗ ಗೋಡೆ ಮೊಣಕಾಲೆತ್ತರಕ್ಕೆ ಗುಳ್ಳೆ ಎದ್ದಿತ್ತು. ಉಗುರಲ್ಲಿ ಕೆರೆದರೆ ಪೈಂಟಿನ ಜೊತೆ ಗಾರೆಯೂ ಪುಡಿಯಾಗಿ ಬಂತು. ಬಾಗಿಲ ಮೇಲಿನ ಇಸವಿಗೆ ಮಾತ್ರ ಹೊಸ ಚಿನ್ನದ ಬಣ್ಣ. ಇಸವಿ ಫೋಟೋದಲ್ಲಿ ಚೆಂದ ಬರುತ್ತದೆ, ಗೋಡೆಯ ಬುಡ ಬರುವುದಿಲ್ಲ ನೋಡಿ.

ಈಗಿನ ಹೊಸ ಹುಚ್ಚು ಹಂಚು ತೆಗೆದು ಶೀಟು ಹಾಕುವುದು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯ ಮಾಡುಗಳ ಬಣ್ಣವೇ ಬದಲಾಯಿತು. ಆ ಹಂಚಿನ ಗುಣ ಇಷ್ಟೇ: ಒಂದು ಒಡೆದರೆ ಒಂದನ್ನೇ ಬದಲಿಸಿದರೆ ಸಾಕು. ಸೋರುತ್ತದೆ ಅಂತ ಸುಮ್ನೆ ಇಡೀ ಮಾಡು ಇಳಿಸಬೇಕಾಗಿಲ್ಲ. ಏಪ್ರಿಲ್‌ನಲ್ಲಿ ಒಬ್ಬ ಹತ್ತಿ ಹಂಚು ಹೊರುವ ಮರಗಳಾದ ಪಕ್ಕಾಸು, ರೀಪು ನೋಡಿ, ಒಡೆದದ್ದನ್ನು ತೆಗೆದು ಬೇರೆ ಜೋಡಿಸಿದರೆ ಆಯಿತು. ಹಂಚಿನ ಕೆಲಸ ಗೊತ್ತಿರುವವರು ಈಗ ಸಿಗುವುದಿಲ್ಲ ಅನ್ನುವುದು ಶೀಟಿನವರ ವಾದ. ಒಪ್ಪಿದೆ. ಹಾಗಾದರೆ ಬೇಳ, ಕಯ್ಯಾರು, ಕುಂಬಳೆಯವರು ಸೇರಿ ಇಬ್ಬರನ್ನು ಗೊತ್ತು ಮಾಡಿಕೊಂಡು, ಪ್ರತಿ ಬೇಸಿಗೆಗೆ ಸರದಿಯಲ್ಲಿ ಕರೆಸಿದರೆ ಆಗುವುದಿಲ್ಲವೇ? ಶೀಟಿಗೆ ಚಂದಾ ಎತ್ತುವ ಮೊದಲು ಇಗರ್ಜಿಯ ವಾರ್ಡುಗಳ ಮುಖಂಡರಾದ ಗುರ್ಕಾರರು ಇದನ್ನೊಮ್ಮೆ ಮೀಟಿಂಗಿನಲ್ಲಿ ಎತ್ತಲಿ.