ಘಿಬ್ಲಿ ಭಾಗ್ಯ

2025ರ ಮಾರ್ಚ್ ಕೊನೆಯ ವಾರದಲ್ಲಿ ಈ ನಾಡಿನ ಸಮಸ್ತರಿಗೂ ಚಿತ್ರಕಲೆ ಒಲಿದುಬಂದಿತು. ಅದಕ್ಕಾಗಿ ಯಾರೂ ಅರ್ಜಿ ಹಾಕಬೇಕಾಗಿರಲಿಲ್ಲ, ಆಧಾರ್ ಜೋಡಿಸಬೇಕಾಗಿರಲಿಲ್ಲ. ಚಾಟ್‌ಜಿಪಿಟಿ ಎಂಬ ಕೃತಕ ಬುದ್ಧಿಯ ಯಂತ್ರಕ್ಕೆ ಫೋಟೊ ಒಪ್ಪಿಸಿ ‘ಘಿಬ್ಲಿ ಮಾಡು’ ಎಂದರೆ ಸಾಕಿತ್ತು, ಘಿಬ್ಲಿ ಎಂಬ ಜಪಾನಿನ ಅನಿಮೇಷನ್ ಸ್ಟುಡಿಯೊದ ಶೈಲಿಯಲ್ಲಿ ಚಿತ್ರ ಸಿದ್ಧ. ಮದುವೆಯ ಜೋಡಿ, ನಾಮಕರಣದ ಕೂಸು, ಗೃಹಪ್ರವೇಶದ ಕರೆಯೋಲೆ, ಪುಢಾರಿಗಳ ಹುಟ್ಟುಹಬ್ಬದ ಫ್ಲೆಕ್ಸ್, ಎಲ್ಲವೂ ಒಂದೇ ಬಗೆಯ ಅಮಾಯಕ ಕಣ್ಣು, ಒಂದೇ ಬಗೆಯ ಎಳೆ ಬಿಸಿಲಿನೊಂದಿಗೆ ಹೊರಬಂದವು. ಅನ್ನಭಾಗ್ಯ, ಕ್ಷೀರಭಾಗ್ಯಗಳನ್ನು ಕಂಡ ನಾವು ಇದನ್ನು ಘಿಬ್ಲಿ ಭಾಗ್ಯವೆಂದು ಕರೆಯಲು ಅಡ್ಡಿಯಿಲ್ಲ. ಆ ಭಾಗ್ಯಗಳ ಖರ್ಚು ಬೊಕ್ಕಸದ್ದು. ಈ ಭಾಗ್ಯದ ಖರ್ಚನ್ನು ಟೋಕಿಯೊದ ಆ ಸ್ಟುಡಿಯೊದವರ ತಲೆಗೆ, ಅವರನ್ನು ಒಂದು ಮಾತೂ ಕೇಳದೆ, ಕಟ್ಟಲಾಯಿತು.

ಅಂತರ್ಜಾಲದಲ್ಲಿ ಕನ್ನಡ ಕಾಮಿಕ್ಸ್ ಬರೆದುಕೊಂಡಿರುವ ನನಗೆ ಅಂದಿನಿಂದ ಅಭಿನಂದನೆಗಳು ನಿಂತಿಲ್ಲ. ‘ಇನ್ನು ನಿಮ್ಮ ಕೆಲಸ ಹಗುರವಾಯಿತು ಬಿಡಿ, ಹತ್ತು ಸೆಕೆಂಡಿಗೆ ಒಂದು ಚಿತ್ರ’ ಎನ್ನುವವರ ಕಾಳಜಿಗೆ ನಾನು ಋಣಿ. ನಿಜಕ್ಕೂ ಈ ಕಾಳಜಿ ಸ್ವಲ್ಪ ಮೊದಲೇ ಜಪಾನನ್ನು ತಲುಪಬೇಕಿತ್ತು. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮುಗಳು. ಒಂದೊಂದು ಚಿತ್ರವನ್ನು ಎರಡು ಫ್ರೇಮಿನಷ್ಟು ಹೊತ್ತು ನಿಲ್ಲಿಸಿದರೂ 12 ಚಿತ್ರಗಳನ್ನು ಬರೆಯಲೇಬೇಕು. ಘಿಬ್ಲಿ ಸ್ಟುಡಿಯೊ ಕಟ್ಟಿದವರಲ್ಲೊಬ್ಬರಾದ ಹಯಾವೊ ಮಿಯಾಝಾಕಿಯವರ 2013ರ ‘ದಿ ವಿಂಡ್ ರೈಸಸ್’ ಚಿತ್ರದಲ್ಲಿ ಜನಜಂಗುಳಿಯ ನಾಲ್ಕೇ ಸೆಕೆಂಡಿನ ದೃಶ್ಯವೊಂದಿದೆ. ಗುಂಪಿನಲ್ಲಿರುವ ಒಬ್ಬೊಬ್ಬರೂ ತಮ್ಮ ತಮ್ಮ ಅವಸರದಲ್ಲಿ ನುಗ್ಗುವ ಆ ನಾಲ್ಕು ಸೆಕೆಂಡಿಗೆ ಎಯ್ಜಿ ಯಮಮೊರಿ ಎಂಬ ಅನಿಮೇಟರ್ ಒಂದು ವರ್ಷ ಮೂರು ತಿಂಗಳು ತೆಗೆದುಕೊಂಡರು. ನಮ್ಮ ಬಡಾವಣೆಯ ವಾಟ್ಸ್ಯಾಪ್ ಗುಂಪಿನಲ್ಲಿ ಅವರೂ ಇದ್ದಿದ್ದರೆ ಯಾರಾದರೂ ಬುದ್ಧಿ ಹೇಳುತ್ತಿದ್ದರು.

ಕಾಮಿಕ್ಸ್‌ನ ಕಷ್ಟ ಇದಕ್ಕೆ ತಿರುಗುಮುರುಗು. ಇಲ್ಲಿ ಯಾವುದೂ ಚಲಿಸುವುದಿಲ್ಲ. ಎರಡು ಚೌಕಗಳ ನಡುವಿನ ಬಿಳಿ ಸಂದಿಯಲ್ಲಿ ಓದುಗನೇ ಪಾತ್ರಗಳನ್ನು ನಡೆಸಿಕೊಳ್ಳಬೇಕು. ಒಂದು ಚೌಕದಲ್ಲಿ ಅಜ್ಜಿ ಸೌಟು ಎತ್ತಿದ್ದಾಳೆ, ಮುಂದಿನದರಲ್ಲಿ ಮೊಮ್ಮಗ ಕಾಂಪೌಂಡಿನಾಚೆ ಓಡುತ್ತಿದ್ದಾನೆ. ಏಟು ಬಿತ್ತೋ ಇಲ್ಲವೋ ಎಂಬುದನ್ನು ನಾನು ಬರೆಯುವುದಿಲ್ಲ, ಮತ್ತು ಅದನ್ನು ಬರೆಯಬಾರದೆಂಬ ತೀರ್ಮಾನಕ್ಕೆ ಬರಲು ಅಜ್ಜಿಯನ್ನು ಬರೆಯುವುದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಮೊಬೈಲಿನಲ್ಲಿ ಕೆಳಕ್ಕೆ ಸರಿಸುತ್ತ ಓದುವ ಕಾಮಿಕ್ಸ್‌ನಲ್ಲಂತೂ ಆ ಸಂದಿಯನ್ನು ಓದುಗನ ಹೆಬ್ಬೆರಳಿನ ಲೆಕ್ಕದಲ್ಲಿ ಅಳೆಯಬೇಕು: ಗಿಡ್ಡವಾದರೆ ಅಜ್ಜಿಯ ಸೌಟೂ ಹುಡುಗನ ಓಟವೂ ಒಟ್ಟಿಗೇ ಕಂಡು ನಗೆ ಸಾಯುತ್ತದೆ, ಉದ್ದವಾದರೆ ಓದುಗ ಬೇಸತ್ತು ಕ್ರಿಕೆಟ್ ಸ್ಕೋರು ನೋಡಲು ಹೋಗುತ್ತಾನೆ.

ಇನ್ನು ಮಾತಿನ ಬಲೂನು. ಇಂಗ್ಲಿಷಿನವರು ಸಾಲಿನ ಕೆಳಗೆ ಸಾಲನ್ನು ಒತ್ತೊತ್ತಾಗಿ ಕೂರಿಸಿಬಿಡುತ್ತಾರೆ. ನಮ್ಮಲ್ಲಿ ಮೇಲಿನ ಸಾಲಿನ ‘ಷ್ಟ್ರ’ ಇಳಿಬಿಟ್ಟ ಒತ್ತುಗಳು ಕೆಳಗಿನ ಸಾಲಿನ ‘ಕಿ’ಯ ಗುಡಿಸಿಗೆ ಬಂದು ಬಡಿಯುತ್ತವೆ. ಹಾಗಾಗದಿರಲು ಸಾಲುಗಳನ್ನು ದೂರ ಮಾಡಬೇಕು, ದೂರ ಮಾಡಿದರೆ ಬಲೂನು ಊದಿಕೊಂಡು ಪಾತ್ರದ ಮುಖ ಮುಚ್ಚುತ್ತದೆ, ಕೊನೆಗೆ ಮುಖ ಉಳಿಸಲು ಮಾತನ್ನೇ ಕತ್ತರಿಸಬೇಕು. ಕೆಲವು ಸಾಫ್ಟ್‌ವೇರುಗಳಿಗೆ ಯೂನಿಕೋಡ್ ಅಂಟಿಸಿದರೆ ಒತ್ತಕ್ಷರಗಳೆಲ್ಲ ಕಳಚಿಕೊಂಡು ಪಕ್ಕದಲ್ಲಿ ಸಾಲಾಗಿ ನಿಲ್ಲುತ್ತವೆ. ಯಂತ್ರವು ಈ ತಾಪತ್ರಯವನ್ನೆಲ್ಲ ಒಂದೇ ಏಟಿಗೆ ಬಗೆಹರಿಸಿದೆ: ಬಲೂನಿನೊಳಗೆ ಅದು ಎಷ್ಟೋ ಸಲ ಕನ್ನಡದ ಹಾಗೆ ಕಾಣುವ ಏನನ್ನೋ ಸುರಿದುಬಿಡುತ್ತದೆ. ನಮ್ಮ ಲಿಪಿಯನ್ನು ಜಿಲೇಬಿ ಎಂದು ಹಂಗಿಸುತ್ತಿದ್ದವರಿಗೆ ಕೊನೆಗೂ ಒಂದು ಪುರಾವೆ ದೊರೆತಂತಾಯಿತು.

ಸರ್ಕಾರಗಳೂ ಈ ಸಂಭ್ರಮದಿಂದ ದೂರ ಉಳಿಯಲಿಲ್ಲ. ಕೇಂದ್ರ ಸರ್ಕಾರದ ಮೈಗವ್‌ಇಂಡಿಯಾ ಖಾತೆಯಲ್ಲಿ ಪ್ರಧಾನಿಯವರ ಘಿಬ್ಲಿ ಚಿತ್ರಗಳ ಸರಮಾಲೆಯೇ ಬಂತು. 2022ರ ಬಜೆಟ್ಟಿನಲ್ಲಿ ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಗಳಲ್ಲಿ ಯುವಕರಿಗೆ ಉದ್ಯೋಗ ಸೃಷ್ಟಿಸಲು ಕಾರ್ಯಪಡೆ ರಚಿಸುತ್ತೇವೆಂದು ಘೋಷಿಸಿದ್ದೂ ಇದೇ ಸರ್ಕಾರ. ಕರ್ನಾಟಕ ಇನ್ನೂ ಮುಂದು. 2012ರಲ್ಲೇ ದೇಶಕ್ಕೆ ಮೊದಲಾಗಿ ಇದಕ್ಕೊಂದು ನೀತಿ ತಂದು, 2024ರಲ್ಲಿ ಅದರ ಮೂರನೆಯ ಆವೃತ್ತಿಯನ್ನೂ ಹೊರಡಿಸಿದೆ. ಕಲಾವಿದರಿಗೆ ಕೆಲಸ ಕೊಡುವ ನೀತಿ ಕಪಾಟಿನಲ್ಲಿದೆ, ಕೆಲಸ ಯಂತ್ರದ ಪಾಲಾಗಿದೆ. ಹೀಗೆ ಇಬ್ಬರಿಗೂ ನ್ಯಾಯ ಸಂದಿದೆ.

ಇಲ್ಲಿಗೆ ಹೊಗಳಿಕೆ ಸಾಕು, ನನಗೂ ದಣಿವಾಗಿದೆ. ಕೃತಿಗೆ ಹಕ್ಕುಸ್ವಾಮ್ಯವಿದೆ, ಶೈಲಿಗೆ ಇಲ್ಲ ಎಂದು ಕಾನೂನು ಬಲ್ಲವರು ಹೇಳುತ್ತಾರೆ, ಒಪ್ಪಿದೆ. ಹಾಗಾದರೆ ಆ ಶೈಲಿಯನ್ನು ಯಂತ್ರ ಕಲಿತದ್ದು ಕನಸಿನಲ್ಲಿಯೇ? ಯಾರ ಯಾರ ಚಿತ್ರಗಳನ್ನು ಉಣಿಸಿ ಇದನ್ನು ಬೆಳೆಸಿದ್ದೀರಿ ಎಂದು ಕೇಳಿದರೆ ಕಂಪನಿಯಿಂದ ಪಟ್ಟಿ ಬರುವುದಿಲ್ಲ. 2016ರಲ್ಲಿ ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಸಾಕ್ಷ್ಯಚಿತ್ರವೊಂದರಲ್ಲಿ ಕೆಲವರು ಮಿಯಾಝಾಕಿಯವರ ಮುಂದೆ, ತಲೆಯನ್ನೇ ಕಾಲಿನಂತೆ ಊರಿ ತೆವಳುವ ವಿಕಾರ ಜೀವಿಯೊಂದನ್ನು ಕಂಪ್ಯೂಟರಿನಲ್ಲಿ ಚಲಿಸಿ ತೋರಿಸಿದರು. ಅಂಗವೈಕಲ್ಯದಿಂದಾಗಿ ಕೈ ಚಾಚಿ ಕೈಗೆ ತಟ್ಟುವುದೂ ಕಷ್ಟವಾಗಿದ್ದ ತಮ್ಮ ಗೆಳೆಯನನ್ನು ನೆನೆದು, ಇದು ಬದುಕಿಗೇ ಮಾಡಿದ ಅವಮಾನ ಎಂದು ಅವರು ಹೇಳಿದರು. ಆ ಮಾತು ಈಗಿನ ಯಂತ್ರವನ್ನು ಕುರಿತದ್ದಲ್ಲ, ನಿಜ. ಆದರೂ ಒಂದು ಚಲನೆಯನ್ನು ಕಂಡೊಡನೆ ನೋಯುವ ಒಬ್ಬ ಮನುಷ್ಯ ನೆನಪಾಗುವುದು ಏನೆಂದು ತಿಳಿಯದವರು ಅದೇ ಮುದುಕನ ಕೈಬರಹವನ್ನು ಹಬ್ಬದ ಶುಭಾಶಯಕ್ಕೆ ಬಳಸುತ್ತಿದ್ದಾರೆ. ಈ ಭಾಗ್ಯ ಬಂದ ವಾರ, ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐನ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ತಮ್ಮ ಜಿಪಿಯುಗಳು, ಅಂದರೆ ಈ ಚಿತ್ರಗಳನ್ನು ತೆಗೆಯುವ ಚಿಪ್ಪುಗಳು, ಕರಗುತ್ತಿವೆ ಎಂದಾಗ ಊರೆಲ್ಲ ಲೊಚಗುಟ್ಟಿತು. ಮಣಿಕಟ್ಟಿಗೆ ಪಟ್ಟಿ ಬಿಗಿದುಕೊಂಡು ರಾತ್ರಿಯಿಡೀ ಬರೆಯುವ ಹುಡುಗ ಹುಡುಗಿಯರಿಗೆ ‘ದುಡ್ಡಿಲ್ಲ, ಹೆಸರು ಹಾಕುತ್ತೇವೆ’ ಎನ್ನುವವರೂ ಆ ಊರಿನವರೇ.

ಮೊನ್ನೆ ಉತ್ಸವ ಸಮಿತಿಯೊಂದರಿಂದ ಕರೆ ಬಂತು. ಸ್ಮರಣ ಸಂಚಿಕೆಗೆಂದು ಎಂಟು ಪುಟದ ಕಾಮಿಕ್ಸ್ ಅನ್ನು ಯಂತ್ರದಿಂದಲೇ ತೆಗೆಸಿದ್ದಾರಂತೆ, ಚಿತ್ರ ಅದ್ಭುತವಾಗಿದೆಯಂತೆ. ‘ಬಲೂನಿನೊಳಗಿನ ಕನ್ನಡವನ್ನಷ್ಟೇ ಸ್ವಲ್ಪ ಸರಿಮಾಡಿಕೊಡಿ ಸಾರ್, ನಿಮಗೆ ಹತ್ತು ನಿಮಿಷದ ಕೆಲಸ’ ಎಂದರು. ನಾನು ದರ ತಿಳಿಸಿದ್ದೇನೆ: ಬಲೂನಿಗೆ ಇಷ್ಟು, ಒತ್ತಕ್ಷರಕ್ಕೆ ಪ್ರತ್ಯೇಕ, ಮುಂಗಡ ಕಡ್ಡಾಯ. ಸಮಿತಿ ಸಭೆ ಸೇರಿ ತಿಳಿಸುತ್ತದಂತೆ.