ಮೇ 5: ಬಿಯರ್ ಹಬ್ಬ ಅಂತ ಬೈಯುವವರಿಗೂ ಒಂದು ಮಾತು

ಮೇ ತಿಂಗಳು ಬಂತು ಅಂದರೆ ಇಲ್ಲಿ ಟೆಕ್ಸಸ್‌ನಲ್ಲಿ ಅಂಗಡಿ ಬಾಗಿಲಲ್ಲೇ ಮೆಕ್ಸಿಕೋದ ಕೊರೊನಾ ಬಿಯರ್ ಗೋಪುರ ಏಳುತ್ತದೆ. ಪಕ್ಕದಲ್ಲಿ ಆವಕಾಡೊ ರಾಶಿ, ಅಗಲ ಅಂಚಿನ ಸೊಂಬ್ರೆರೊ ಟೋಪಿ, ಅಂಟಿಸಿಕೊಳ್ಳುವ ಮೀಸೆ. ಸಿಂಕೊ ಡೆ ಮಾಯೊ, ಅಂದರೆ ಸ್ಪ್ಯಾನಿಷ್‌ನಲ್ಲಿ ಮೇ 5, ಬಂತಲ್ಲ! ಏನು ವಿಶೇಷ ಅಂತ ಕೇಳಿ ನೋಡಿ. ‘ಮೆಕ್ಸಿಕೋದ ಸ್ವಾತಂತ್ರ್ಯ ದಿನ ಅಲ್ವಾ?’ ಅನ್ನುವವರೇ ಜಾಸ್ತಿ.

ಅಲ್ಲ. ಅದು ಸೆಪ್ಟೆಂಬರ್ 16. ಮೇ 5ರದ್ದು ಸಾಲದ ಕಥೆ. ಖಜಾನೆ ಬರಿದಾಗಿ 1861ರಲ್ಲಿ ಮೆಕ್ಸಿಕೋದ ಅಧ್ಯಕ್ಷ ಬೆನಿಟೊ ಹುವಾರೆಸ್ ‘ಎರಡು ವರ್ಷ ವಿದೇಶಿ ಸಾಲ ಕಟ್ಟುವುದಿಲ್ಲ’ ಅಂದುಬಿಟ್ಟರು. ಬ್ರಿಟನ್, ಸ್ಪೇನ್, ಫ್ರಾನ್ಸ್ ವಸೂಲಿಗೆ ಹಡಗು ಕಳಿಸಿದವು. ಮೊದಲಿನ ಎರಡು ದೇಶಗಳು ಮಾತುಕತೆ ಮುಗಿಸಿ ವಾಪಸ್ ಹೋದವು. ಫ್ರಾನ್ಸಿನ ಮೂರನೇ ನೆಪೋಲಿಯನ್‌ಗೆ ಸಾಲ ಬರೀ ನೆಪ, ಕಣ್ಣಿದ್ದದ್ದು ದೇಶದ ಮೇಲೆ. 1862ರ ಮೇ 5ರಂದು ಫ್ರೆಂಚ್ ಸೇನೆ ಪ್ವೆಬ್ಲಾ ಊರಿನ ಕೋಟೆಗಳ ಗುಡ್ಡ ಹತ್ತಲು ಹೋಗಿ, ಮೆಕ್ಸಿಕೋದ ಜನರಲ್ ಇಗ್ನಾಸಿಯೊ ಸರಗೋಸಾ ಕೈಯಲ್ಲಿ ಒದೆ ತಿಂದು ಇಳಿಯಿತು. ಮಾರನೇ ವರ್ಷ ಇನ್ನೂ ದೊಡ್ಡ ದಂಡು ತಂದು ಊರನ್ನು ಹಿಡಿಯಿತು, ಅದು ಬೇರೆ ಮಾತು. ಸರಗೋಸಾ ಅದನ್ನು ನೋಡಲಿಲ್ಲ. ಗೆದ್ದ ನಾಲ್ಕೇ ತಿಂಗಳಿಗೆ ಟೈಫಾಯ್ಡ್ ಬಂದು ತೀರಿಕೊಂಡ. ವಯಸ್ಸು 33.

ಇಷ್ಟು ಹೇಳಿ ‘ಮೆಕ್ಸಿಕೋದಲ್ಲೇ ಯಾರೂ ಕೇಳದ ದಿನ, ಅಮೆರಿಕದ ಬಿಯರ್ ಕಂಪನಿಗಳು ಹುಟ್ಟಿಸಿದ ಹಬ್ಬ’ ಅಂತ ಮೂಗು ಮುರಿಯುವವರು ಪ್ರತಿ ವರ್ಷ ಸಿಗುತ್ತಾರೆ. ನನ್ನ ತಕರಾರು ಇವರ ಜೊತೆಗೂ ಇದೆ.

ಹಬ್ಬ ಬೆಳೆದದ್ದು ಅಮೆರಿಕದಲ್ಲೇ, ನಿಜ. ಆದರೆ ಬೆಳೆಸಿದವರು ಕ್ಯಾಲಿಫೋರ್ನಿಯಾದ ಮೆಕ್ಸಿಕನ್ನರು. ಆಗ ಅಮೆರಿಕದಲ್ಲಿ ಗುಲಾಮಗಿರಿಯ ಮೇಲೆ ಅಂತರ್ಯುದ್ಧ ನಡೀತಿತ್ತು. ಫ್ರೆಂಚರು ಮೆಕ್ಸಿಕೋದಲ್ಲಿ ಬೇರೂರಿದರೆ ದಕ್ಷಿಣದ ಗುಲಾಮರ ಒಡೆಯರಿಗೆ ಬಲ ಬರುತ್ತದೆ ಅನ್ನುವ ಭಯ ಇವರಿಗಿತ್ತು. ಹಾಗಾಗಿ ಪ್ವೆಬ್ಲಾ ಸುದ್ದಿ ಮುಟ್ಟಿದಾಗ ಚಿನ್ನದ ಗಣಿ ಊರುಗಳಲ್ಲಿ ಬಂದೂಕು ಹಾರಿಸಿ, ಹಾಡಿ, ಭಾಷಣ ಮಾಡಿ ಕುಣಿದರು. ಒಂದು ಶತಮಾನದ ನಂತರ, 1960–70ರ ದಶಕಗಳಲ್ಲಿ, ಹಕ್ಕು ಕೇಳುತ್ತಿದ್ದ ಚಿಕಾನೊ (ಮೆಕ್ಸಿಕನ್ ಮೂಲದ ಅಮೆರಿಕನ್) ಹುಡುಗರು ಅದಕ್ಕೆ ಮತ್ತೆ ಜೀವ ಕೊಟ್ಟರು. ಬಿಯರ್‌ನವರು ಜೋರಾಗಿ ನುಗ್ಗಿದ್ದು 1980ರ ದಶಕದಲ್ಲಿ. ಅವರು ಹುಟ್ಟಿಸಲಿಲ್ಲ, ಕಟ್ಟಿದ ಮನೆಗೆ ಬಂದು ಬೋರ್ಡ್ ಹಾಕಿಕೊಂಡರು. ತಮಾಷೆ ಅಂದರೆ, ಅಮೆರಿಕದಲ್ಲಿ ಕೊರೊನಾ ಮಾರುವ ಹಕ್ಕು ಇರುವುದು ಅಮೆರಿಕದ ಕಂಪನಿಗೇ.

ನಮ್ಮ ಆಫೀಸಿನಲ್ಲಿ ಒಂದು ವರ್ಷ ಟ್ಯಾಕೊ ಊಟ ಇಟ್ಟಿದ್ದರು. ಮ್ಯಾನೇಜರ್ ಮೀಸೆ ಅಂಟಿಸಿಕೊಂಡು ಸ್ಪ್ಯಾನಿಷ್‌ನವರ ಹಾಗೆ ‘ಓಲೆ, ಓಲೆ’ ಅಂತ ಕೂಗುತ್ತಾ ಓಡಾಡುತ್ತಿದ್ದರು. ಬಡಿಸಲು ಬಂದಿದ್ದ ಹೆಂಗಸು ಪ್ವೆಬ್ಲಾ ಕಡೆಯವರೇ. ಊರಲ್ಲಿ ಇವತ್ತು ಏನು ಮಾಡ್ತೀರಿ ಅಂತ ಕೇಳಿದೆ. ಸ್ಕೂಲ್ ಮಕ್ಕಳು ಮೆರವಣಿಗೆಯಲ್ಲಿ ಹೆಜ್ಜೆ ಹಾಕ್ತಾರೆ, ಬ್ಯಾಂಡ್ ಇರುತ್ತೆ, ಮನೆಯಲ್ಲಿ ಮೋಲೆ ಮಾಡ್ತೀವಿ ಅಂದರು. ಒಣಮೆಣಸಿನಕಾಯಿ, ಎಳ್ಳು, ಚಾಕೊಲೇಟ್ ಎಲ್ಲ ಹುರಿದು ಅರೆದು ಕುದಿಸುವ ಗಟ್ಟಿ ಸಾರು ಅದು. ಬಿಸಿಲಲ್ಲಿ ನಿಂತು ಮೆರವಣಿಗೆ ನೋಡುವುದೇ ಒಂದು ಕಷ್ಟ ಅಂತ ನಕ್ಕರು. ಆ ಮೀಸೆಯ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ.

ಕುಡಿಯುವುದಕ್ಕೆ ನನ್ನದೇನೂ ಅಡ್ಡಿಯಿಲ್ಲ. ಹಬ್ಬದಲ್ಲಿ ವ್ಯಾಪಾರವೂ ಇದ್ದದ್ದೇ. ಸಿಟ್ಟು ಬರುವುದು ಆ ಮೀಸೆ ನೋಡಿದಾಗ. ನಮ್ಮ ಹೋಳಿಯ ಬಣ್ಣ ಎತ್ತಿಕೊಂಡು ಇಲ್ಲಿ ದುಡ್ಡು ತಗೊಂಡು ಬಣ್ಣ ಎರಚುವ ಓಟ ನಡೆಸುತ್ತಾರಲ್ಲ, ಅದನ್ನು ಸಹಿಸಿಕೊಳ್ಳಬಹುದು. ಅಲ್ಲಿ ಕನಿಷ್ಠ ಯಾರೂ ನಮ್ಮ ವೇಷ ಹಾಕಿ ಅಣಕಿಸುವುದಿಲ್ಲ.

ಇನ್ನೊಂದು ವಿಷಯ, ಇಲ್ಲಿರುವ ಕನ್ನಡದವರಿಗೆ: ಸರಗೋಸಾ ಹುಟ್ಟಿದ್ದು ಇದೇ ಟೆಕ್ಸಸ್‌ನ ಗೋಲಿಯಾಡ್‌ನಲ್ಲಿ, ಈ ನೆಲ ಇನ್ನೂ ಮೆಕ್ಸಿಕೋದ್ದಾಗಿದ್ದಾಗ. ಹಳೇ ಕೋಟೆಯ ಪಕ್ಕ ಅವನ ಪ್ರತಿಮೆ ಇದೆ. ಸ್ಯಾನ್ ಆಂಟೋನಿಯೊದಿಂದ ಕಾರಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರಬಹುದು. ನೀರಿನ ಬಾಟಲಿ ಮರೀಬೇಡಿ, ಮೇ ತಿಂಗಳಲ್ಲಿ ಅಲ್ಲಿ ಸುಡುಬಿಸಿಲು.