ಎಂಬಿಬಿಎಸ್ ತರಗತಿಯಲ್ಲಿ ಉಪನ್ಯಾಸಕ್ಕೆ ಮಿತಿ ಹಾಕಿದ್ದು ಸರಿಯೇ?

ನಮ್ಮ ದೇಶದಲ್ಲಿ 2019ರಿಂದ ಜಾರಿಯಾದ ಸಾಮರ್ಥ್ಯ ಆಧಾರಿತ ವೈದ್ಯಕೀಯ ಪಠ್ಯಕ್ರಮದ ಪ್ರಕಾರ, ಎಂಬಿಬಿಎಸ್ ಬೋಧನೆಯಲ್ಲಿ ಉಪನ್ಯಾಸದ ಪಾಲು ಮೂರನೇ ಒಂದನ್ನು ಮೀರಕೂಡದು. ಉಳಿದ ಅವಧಿ ಗುಂಪು ಚರ್ಚೆ, ಪ್ರಾಯೋಗಿಕ ತರಗತಿ ಮತ್ತು ವಾರ್ಡಿನ ಕಲಿಕೆಗೆ ಸಲ್ಲಬೇಕು.

ಪರ

ಕಾಫಿ ತೋಟದಲ್ಲಿ ದುಡಿಯುವ ಹೆಂಗಸೊಬ್ಬರು ಸುಸ್ತು, ಏದುಸಿರು ಎಂದು ಆಸ್ಪತ್ರೆಗೆ ಬಂದಿದ್ದಾರೆ ಎಂದುಕೊಳ್ಳೋಣ. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿದರೆ ಒಳಭಾಗ ಬಿಳಿಚಿಕೊಂಡಿದೆ, ಅಂದರೆ ರಕ್ತಹೀನತೆಯ ಗುರುತು. ಹತ್ತು ವಿದ್ಯಾರ್ಥಿಗಳ ಮುಂದೆ ಇಷ್ಟನ್ನಿಟ್ಟರೆ ಸಾಕು. ಊಟದಲ್ಲಿ ಕಬ್ಬಿಣದ ಅಂಶ ಸಾಲುತ್ತಿಲ್ಲವೇ, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದೆಯೇ, ಬರಿಗಾಲಲ್ಲಿ ಒದ್ದೆ ಮಣ್ಣು ತುಳಿದು, ಕರುಳಿನಲ್ಲಿ ರಕ್ತ ಹೀರುವ ಕೊಕ್ಕೆಹುಳು ದೇಹ ಸೇರಿದೆಯೇ ಎಂದು ಅವರೇ ಕೇಳತೊಡಗುತ್ತಾರೆ. ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ, ಸಮುದಾಯ ವೈದ್ಯಶಾಸ್ತ್ರ ಎಂದು ನಾವು ಬೇರೆ ಬೇರೆ ಗಂಟು ಕಟ್ಟಿಟ್ಟಿದ್ದೆಲ್ಲ ಆ ಒಬ್ಬ ರೋಗಿಯಲ್ಲಿ ಒಂದಾಗುತ್ತದೆ. ಇದೇ ಸಂಗತಿಯನ್ನು ನೂರೈವತ್ತು ಮಂದಿಯ ಸಭಾಂಗಣದಲ್ಲಿ ಸ್ಲೈಡುಗಳ ಮೇಲೆ ಓದಿ ಹೇಳಿದರೆ, ಹಿಂದಿನ ಸಾಲಿನವರು ಹಾಜರಿ ಮುಗಿಯುವುದನ್ನೇ ಕಾಯುತ್ತಾರೆ.

ಇದು ಬರೀ ಉತ್ಸಾಹದ ಮಾತಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ 1969ರಲ್ಲೇ ಸಮಸ್ಯೆ ಆಧಾರಿತ ಕಲಿಕೆಯನ್ನು, ಅಂದರೆ ರೋಗಿಯ ಸಮಸ್ಯೆಯೊಂದನ್ನು ಮುಂದಿಟ್ಟು ಸಣ್ಣ ಗುಂಪಿನಲ್ಲಿ ಬಿಡಿಸುತ್ತಾ ಕಲಿಯುವ ಕ್ರಮವನ್ನು, ವೈದ್ಯಕೀಯ ಶಿಕ್ಷಣಕ್ಕೆ ತಂದಿತು. ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತದ ಪದವಿ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಉಪನ್ಯಾಸವನ್ನಷ್ಟೇ ಕೇಳಿದವರಲ್ಲಿ ಸುಮಾರು ಶೇ 34ರಷ್ಟು ಮಂದಿ ಅನುತ್ತೀರ್ಣರಾದರೆ, ಸಕ್ರಿಯವಾಗಿ ಕಲಿತವರಲ್ಲಿ ಆ ಪ್ರಮಾಣ ಸುಮಾರು ಶೇ 22 ಇತ್ತು. ರೋಗಿಯ ಮುಂದೆ ಯೋಚಿಸಬೇಕಾದವರಿಗೆ ತರಗತಿಯಲ್ಲಿಯೇ ಯೋಚಿಸುವ ಅಭ್ಯಾಸ ಬೇಕು.

ವಿರೋಧ

ಆ ಅಧ್ಯಯನಗಳು ವೈದ್ಯಕೀಯ ಕಾಲೇಜುಗಳವಲ್ಲ ಎಂಬುದನ್ನು ಮರೆಯಬಾರದು. ಹತ್ತು ಜನರ ಗುಂಪು ಎಂದರೆ ನೂರೈವತ್ತು ವಿದ್ಯಾರ್ಥಿಗಳಿಗೆ ಏಕಕಾಲಕ್ಕೆ ಹದಿನೈದು ಮಂದಿ ಶಿಕ್ಷಕರು ಬೇಕು. ಅಷ್ಟು ಜನರನ್ನು ಯಾವ ವಿಭಾಗ ಕೊಟ್ಟೀತು? ಕೊನೆಗೆ ಐವತ್ತು ಮಂದಿಯನ್ನು ಕೂರಿಸಿ ಅದನ್ನೇ ‘ಸಣ್ಣ ಗುಂಪು’ ಎಂದು ಬರೆದು, ಲಾಗ್‌ಬುಕ್‌ಗೆ ಸಹಿ ಹಾಕುವುದರಲ್ಲಿ ಕಲಿಕೆ ಮುಗಿಯುತ್ತದೆ.

ಇನ್ನು ರಕ್ತದ ಆಮ್ಲ-ಕ್ಷಾರ ಸಮತೋಲನದಂಥ ವಿಷಯವನ್ನು ಒಬ್ಬ ಒಳ್ಳೆಯ ಮೇಷ್ಟ್ರು ಸೀಮೆಸುಣ್ಣ ಹಿಡಿದು, ರಕ್ತದ ಆಮ್ಲವನ್ನು ತಗ್ಗಿಸುವ ಬೈಕಾರ್ಬನೇಟ್ ಇಳಿದಾಗ ಉಸಿರಾಟ ಏಕೆ ಜೋರಾಗುತ್ತದೆ ಎಂಬುದನ್ನು ಬಾಣದ ಗುರುತುಗಳಲ್ಲಿ ಒಂದೊಂದೇ ಹೆಜ್ಜೆಯಾಗಿ ಬಿಡಿಸಿ ತೋರಿಸಿದರೆ, ಮುಕ್ಕಾಲು ಗಂಟೆಯಲ್ಲಿ ತಲೆಗೆ ಹತ್ತುತ್ತದೆ. ಬುನಾದಿಯೇ ಇಲ್ಲದ ಮೊದಲ ವರ್ಷದವರು ಅದನ್ನು ತಾವೇ ಚರ್ಚಿಸಿ ಕಂಡುಕೊಳ್ಳಲಿ ಎಂದು ಬಿಡುವುದು ನ್ಯಾಯವಲ್ಲ.

ನನ್ನನ್ನು ಹೆಚ್ಚು ಕಾಡುವುದು ಮತ್ತೊಂದು. ಚರ್ಚೆ ನಡೆಯುವುದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ, ನೀಟ್ ಪಾಸಾಗಿ ಬಂದ ಹುಡುಗಿಗೆ ಉತ್ತರ ಗೊತ್ತಿದ್ದರೂ ವಾಕ್ಯ ಹೊಂದಿಸುವಷ್ಟರಲ್ಲಿ, ನಗರದ ಶಾಲೆಯಿಂದ ಬಂದವರು ಮೂರು ಪ್ರಶ್ನೆ ದಾಟಿರುತ್ತಾರೆ; ‘ಪಾಲ್ಗೊಳ್ಳುವಿಕೆ’ಗೆ ಅಂಕವಿದ್ದರೆ ಅದೂ ಅವರದೇ. ಉಪನ್ಯಾಸದಲ್ಲಾದರೆ ಅವಳು ನಿಧಾನವಾಗಿ ಬರೆದುಕೊಂಡು ಹಾಸ್ಟೆಲಿನಲ್ಲಿ ಮತ್ತೆ ಓದಿಕೊಳ್ಳಬಹುದು. ಗುಂಪು ಚರ್ಚೆಯಲ್ಲಿ ಕನ್ನಡವನ್ನೂ ಮುಕ್ತವಾಗಿ ಬಳಸಲು ಬಿಟ್ಟು, ಶಿಕ್ಷಕರ ಸಂಖ್ಯೆ ಹೆಚ್ಚುವವರೆಗಾದರೂ ಮೊದಲ ವರ್ಷದಲ್ಲಿ ಉಪನ್ಯಾಸದ ಪಾಲನ್ನು ಆಯಾ ವಿಭಾಗದ ತೀರ್ಮಾನಕ್ಕೆ ಬಿಡಬೇಕು. ಗಂಟೆಯಿಡೀ ತುಟಿ ಬಿಚ್ಚದ ಆ ಹುಡುಗಿ, ತರಗತಿ ಬಿಟ್ಟ ಮೇಲೆ ಬಾಗಿಲ ಬಳಿ ನಿಂತು, “ಸರ್, ಕೊಕ್ಕೆಹುಳು ದಿನಕ್ಕೆ ಎಷ್ಟು ರಕ್ತ ಕುಡಿಯುತ್ತೆ?” ಎಂದು ಕೇಳುತ್ತಾಳೆ. ಅಂದಿನ ಚರ್ಚೆಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು.